ಮೇಲಿನ ಸಾಲಿನವನೂ ದುಡಿಯುತ್ತಿರುತ್ತಾನೆ

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ಕಳೆದ ಭಾನುವಾರದ ತಮ್ಮ ಕ್ರೀಡಾ ಪುಟದಲ್ಲಿ ಯುರೋಪಿನ ‘ಸಿಕ್ಸ್ ಡೇ’ ಸೈಕಲ್ ಪಂದ್ಯಗಳ ಬಗ್ಗೆ ಬಂದ ಕಿರುಲೇಖನವನ್ನು ಎರಡು ಸಲ ಓದಿದೆ. ಮರದ ಹಲಗೆಯ ಒಳಾಂಗಣ ಟ್ರ್ಯಾಕ್‌ನಲ್ಲಿ ಆರು ರಾತ್ರಿ ನಡೆಯುವ ಈ ಆಟಕ್ಕೆ ಕನ್ನಡ ಪತ್ರಿಕೆಯೊಂದು ಅರ್ಧ ಕಾಲಂ ಆದರೂ ಕೊಟ್ಟಿತಲ್ಲ ಎಂದು ಮೊದಲು ಸಂತೋಷವಾಯಿತು. ಆದರೆ ಲೇಖನದ ಕೊನೆಯಲ್ಲಿ, ಇದು ಒಬ್ಬ ತುಳಿಯುವಾಗ ಇನ್ನೊಬ್ಬ ಆರಾಮವಾಗಿ ತಿರುಗಾಡಿಕೊಂಡಿರುವ ‘ಅರ್ಧ ದುಡಿಮೆಯ ಸ್ಪರ್ಧೆ’ ಎಂದು ಬರೆದಿರುವುದು ಸರಿಯಲ್ಲ. ಆ ಒಂದು ಮಾತಿಗಾಗಿಯೇ ಈ ಪತ್ರ. ಸ್ವಲ್ಪ ದೀರ್ಘವಾಗಿದೆ, ಕ್ಷಮೆಯಿರಲಿ.

ನಾನು ಮೂಲತಃ ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನವನು. ಚಿಂಚವಾಡದ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಫಿಟ್ಟರ್ ಆಗಿ ದುಡಿದು ಈಗ ನಿವೃತ್ತನಾಗಿದ್ದೇನೆ. ನಮ್ಮ ಕಡೆಯ ಹುಡುಗರಿಗೆ ಸೈಕಲ್ ಹುಚ್ಚು ಇರುವುದು ಹೊಸ ಸಂಗತಿಯೇನಲ್ಲ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಂದ ರಾಷ್ಟ್ರ ಮಟ್ಟದ ಸ್ಪರ್ಧೆಗಳಿಗೆ ಹೋದವರು ಎಷ್ಟೋ ಮಂದಿ. ನನಗೆ ಆ ಮಟ್ಟ ದಕ್ಕಲಿಲ್ಲ. ಪುಣೆಗೆ ಬಂದ ಮೇಲೆ ಮುಂಬೈ–ಪುಣೆ ಸೈಕಲ್ ಸ್ಪರ್ಧೆಯ ದಿನ ಖಂಡಾಳಾ ಘಾಟಿನ ತಿರುವಿನಲ್ಲಿ ನೀರಿನ ಬಾಟಲಿ ಹಿಡಿದು ನಿಂತು, ‘ಘಾಟಾಚಾ ರಾಜಾ’ ಬಿರುದು ಯಾರಿಗೆ ಸಿಗುತ್ತದೆ ಎಂದು ಕಾಯುತ್ತಿದ್ದವರ ಪೈಕಿ ನಾನೂ ಒಬ್ಬ.

ಆದರೆ ಈ ಆರು ದಿನದ ಆಟದ ಬೇರು ನನಗೆ ಅರ್ಥವಾದದ್ದು ಘಾಟಿನಲ್ಲಿ ಅಲ್ಲ, ನಮ್ಮ ಊರಿನ ಬಯಲಿನಲ್ಲಿ. ನಾನು ಐದನೆಯ ಇಯತ್ತೆಯಲ್ಲಿದ್ದಾಗ, ಸುಗ್ಗಿ ಮುಗಿದ ಕಾಲಕ್ಕೆ, ನೆಲಕ್ಕೆ ಕಾಲಿಡದೆ ಏಳು ದಿನ ಸೈಕಲ್ ತುಳಿಯುವವನೊಬ್ಬ ಊರಿಗೆ ಬಂದಿದ್ದ. ತಮ್ಮ ಓದುಗರಲ್ಲಿ ಐವತ್ತು ದಾಟಿದವರಿಗೆ ಇಂಥ ಆಟ ನೆನಪಿರಲೇಬೇಕು. ಬಯಲಿನ ನಡುವೆ ಒಂದು ಕಂಬ, ಕಂಬಕ್ಕೆ ಸ್ಪೀಕರ್, ಸುತ್ತ ಸುಣ್ಣದ ಗೆರೆ. ಅವನು ಸೈಕಲ್ ಮೇಲೆಯೇ ಹಲ್ಲುಜ್ಜುತ್ತಿದ್ದ, ಕೊಡದ ನೀರು ಸುರಿದುಕೊಂಡು ಸ್ನಾನ ಮಾಡುತ್ತಿದ್ದ, ಊರ ಹೆಂಗಸರು ತಂದ ರೊಟ್ಟಿ–ಪಲ್ಯವನ್ನು ಹ್ಯಾಂಡಲ್ ಬಿಟ್ಟು ತಿನ್ನುತ್ತಿದ್ದ. ಮೊದಲ ಎರಡು ದಿನ ನಮಗೆ ಅದೆಲ್ಲ ತಮಾಷೆ. ನಾಲ್ಕನೆಯ ರಾತ್ರಿ ನಾನು ಅಪ್ಪನ ಜೊತೆ ಹೋದಾಗ ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಅವನು ಕಣ್ಣು ಮುಚ್ಚಿಕೊಂಡೇ ತುಳಿಯುತ್ತಿದ್ದ. ಜೊತೆಗಿದ್ದ ಹುಡುಗ ಚಪ್ಪಾಳೆ ತಟ್ಟುತ್ತ ಪಕ್ಕದಲ್ಲೇ ಓಡುತ್ತ, ಸೈಕಲ್ ಗೆರೆ ದಾಟುವ ಹೊತ್ತಿಗೆ ಮುಖಕ್ಕೆ ನೀರು ಎರಚುತ್ತಿದ್ದ. ಏಳನೆಯ ದಿನ ಹತ್ತು ರೂಪಾಯಿ ನೋಟು ಚುಚ್ಚಿದ ಹಾರ ಹಾಕಿ ಇಳಿಸಿದಾಗ ಅವನ ಮೊಣಕಾಲು ಊದಿ ಬೂದುಗುಂಬಳದಂತಾಗಿತ್ತು, ಇಬ್ಬರು ರಟ್ಟೆ ಹಿಡಿದು ನಿಲ್ಲಿಸಬೇಕಾಯಿತು. ಜನ ದುಡ್ಡು ಕೊಟ್ಟದ್ದು ಅವನ ಸವಾರಿಗೋ, ಅವನು ಯಾವಾಗ ಬೀಳುತ್ತಾನೆ ಎಂಬ ಕುತೂಹಲಕ್ಕೋ ಎಂದು ನಾನು ಇಂದಿಗೂ ಯೋಚಿಸುತ್ತೇನೆ.

ಸಿಕ್ಸ್ ಡೇ ಪಂದ್ಯ ಹುಟ್ಟಿದ್ದೂ ಹೆಚ್ಚುಕಡಿಮೆ ಹೀಗೆಯೇ. 1878ರಲ್ಲಿ ಲಂಡನ್ನಿನ ಇಸ್ಲಿಂಗ್ಟನ್‌ನ ಅಗ್ರಿಕಲ್ಚರಲ್ ಹಾಲ್‌ನಲ್ಲಿ ಡೇವಿಡ್ ಸ್ಟಾಂಟನ್ ಎಂಬಾತ ಆರು ದಿನದಲ್ಲಿ ಸಾವಿರ ಮೈಲಿ ತುಳಿಯುತ್ತೇನೆಂದು ಬಾಜಿ ಕಟ್ಟಿ ಗೆದ್ದ. ಅದೇ ವರ್ಷ ಅದೇ ಜಾಗದಲ್ಲಿ ಹಲವರು ಸೇರಿದ ಸ್ಪರ್ಧೆಯೂ ನಡೆಯಿತು. ಏಳರ ಬದಲು ಆರೇ ದಿನ ಏಕೆಂದರೆ, ಭಾನುವಾರ ದೇವರ ದಿನವೆಂದು ಅಲ್ಲಿ ಆಟ ನಿಷಿದ್ಧವಾಗಿತ್ತು. 1891ರಲ್ಲಿ ಇದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ಗೆ ಹೋದಾಗ ಒಬ್ಬೊಬ್ಬ ಸವಾರನೂ ದಿನದ ಇಪ್ಪತ್ತನಾಲ್ಕು ಗಂಟೆಯಲ್ಲಿ ತನ್ನ ದೇಹ ತಡೆದಷ್ಟು ತುಳಿಯಬಹುದಾಗಿತ್ತು. ನಿದ್ದೆ ಮಾಡಿದವನು ಹಿಂದೆ ಬಿದ್ದ. 1897ರ ಡಿಸೆಂಬರ್‌ನಲ್ಲಿ ಚಾರ್ಲಿ ಮಿಲ್ಲರ್ ಒಬ್ಬನೇ 2093 ಮೈಲಿ, ಅಂದರೆ ಸುಮಾರು 3370 ಕಿ.ಮೀ. ತುಳಿದು ಗೆದ್ದ. ನಿದ್ದೆಗೆಟ್ಟು ಭ್ರಮೆಗೊಳಗಾಗುತ್ತಿದ್ದ ಸವಾರರನ್ನು ಕಂಡು ಊರವರಿಗೆ ಹೇಸಿಗೆ ಹುಟ್ಟಿತು. 1898ರಲ್ಲಿ ನ್ಯೂಯಾರ್ಕ್ ರಾಜ್ಯ, ಯಾವ ಸವಾರನೂ ದಿನಕ್ಕೆ ಹನ್ನೆರಡು ಗಂಟೆಗಿಂತ ಹೆಚ್ಚು ತುಳಿಯಕೂಡದೆಂದು ಕಾನೂನು ಮಾಡಿತು.

ಆಟ ನಡೆಸುವವರು ವ್ಯಾಪಾರಿಗಳು. ಹನ್ನೆರಡು ಗಂಟೆ ಟ್ರ್ಯಾಕ್ ಖಾಲಿ ಬಿಟ್ಟರೆ ಟಿಕೆಟ್ ಯಾರು ಕೊಳ್ಳುತ್ತಾರೆ? ಹಾಗಾಗಿ ಇಬ್ಬರನ್ನು ಜೋಡಿ ಮಾಡಿ, ಒಬ್ಬ ಇಳಿದಾಗ ಇನ್ನೊಬ್ಬ ಏರುವ ಉಪಾಯ ಹುಡುಕಿದರು. ಕಾನೂನಿಗೂ ತೊಂದರೆಯಿಲ್ಲ, ಗಲ್ಲಾಪೆಟ್ಟಿಗೆಗೂ ನಷ್ಟವಿಲ್ಲ. ಈ ಜೋಡಿ ಓಟಕ್ಕೆ ಇಂದಿಗೂ ‘ಮ್ಯಾಡಿಸನ್’ ಎಂಬ ಹೆಸರು ಉಳಿದಿರುವುದು ಆ ಕಟ್ಟಡದಿಂದಲೇ. ಫ್ರೆಂಚರು ಇದನ್ನು ‘ಅಮೆರಿಕನ್ ಓಟ’ ಎಂದೇ ಕರೆಯುತ್ತಾರೆ.

ಇಲ್ಲಿ ತಮ್ಮ ಲೇಖಕರು ದಯವಿಟ್ಟು ಒಂದು ಲೆಕ್ಕ ನೋಡಬೇಕು. 1899ರ ಡಿಸೆಂಬರ್‌ನಲ್ಲಿ ಅದೇ ಮಿಲ್ಲರ್, ಫ್ರಾಂಕ್ ವಾಲರ್ ಎಂಬಾತನ ಜೊತೆಗೂಡಿ ಗೆದ್ದಾಗ ಆ ಜೋಡಿ ಕ್ರಮಿಸಿದ್ದು 2733 ಮೈಲಿ, ಸುಮಾರು 4400 ಕಿ.ಮೀ. ಎಂದರೆ ತಲಾ ದುಡಿಮೆಯ ಗಂಟೆ ಅರ್ಧವಾದರೂ ದಾರಿ ಸಾವಿರ ಕಿಲೋಮೀಟರ್ ಬೆಳೆಯಿತು. ಒಬ್ಬನೇ ಇದ್ದಾಗ ಆರು ದಿನದ ಸರಾಸರಿ ಗಂಟೆಗೆ 23 ಕಿ.ಮೀ. ಆಸುಪಾಸಿನಲ್ಲಿದ್ದದ್ದು ಜೋಡಿಯಾದಾಗ 30 ದಾಟಿತು. 1914ರಲ್ಲಿ ಆಲ್ಫ್ ಗುಲೆ ಮತ್ತು ಆಲ್ಫ್ರೆಡ್ ಗ್ರೆಂಡಾ ಜೋಡಿ 2759 ಮೈಲಿ ತುಳಿಯಿತು. ಮುಂಬೈ–ಪುಣೆ ನಡುವಿನ 150 ಕಿ.ಮೀ. ದಾರಿಯನ್ನು ಆರು ದಿನದಲ್ಲಿ ಹೆಚ್ಚುಕಡಿಮೆ ಮೂವತ್ತು ಸಲ ಮುಗಿಸಿದಷ್ಟು. ಇದನ್ನು ಅರ್ಧ ದುಡಿಮೆ ಎಂದು ಹೇಗೆ ಕರೆಯುವುದು?

ನಮ್ಮ ಸೊಲ್ಲಾಪುರ, ಪಂಢರಪುರ, ಇಂಡಿ ಕಡೆಯವರಿಗೆ ಈ ಏರ್ಪಾಡು ಅಪರಿಚಿತವೇನಲ್ಲ. ಅಖಂಡ ಸಪ್ತಾಹದಲ್ಲಿ ವೀಣೆಯನ್ನು ಏಳು ದಿನ ನೆಲಕ್ಕಿಡುವಂತಿಲ್ಲ; ಒಬ್ಬರ ಪಹರೆ ಮುಗಿಯುವ ಮುನ್ನವೇ ಇನ್ನೊಬ್ಬರು ಬಂದು ಅಭಂಗಕ್ಕೆ ದನಿಗೂಡಿಸಿ, ತಾಳ ಹಿಡಿದು, ನಡೆ ತಪ್ಪದಂತೆ ವೀಣೆಯನ್ನು ತಮ್ಮ ಹೆಗಲಿಗೆ ದಾಟಿಸಿಕೊಳ್ಳುತ್ತಾರೆ. ಹಾಗೆ ಬಂದು ನಿಂತವರನ್ನು ‘ಸುಮ್ಮನೆ ನಿಂತಿದ್ದಾರೆ’ ಎಂದು ಯಾರೂ ಹೇಳುವುದಿಲ್ಲ.

ಈಗಿನ ಮ್ಯಾಡಿಸನ್ ಹೇಗೆ ನಡೆಯುತ್ತದೆ ಎಂಬುದನ್ನು ಲೇಖನ ಹೇಳಿರಲಿಲ್ಲವಾದ್ದರಿಂದ ನನಗೆ ತಿಳಿದಂತೆ ಬರೆಯುತ್ತೇನೆ. ಟ್ರ್ಯಾಕ್ ಸೈಕಲ್ಲಿಗೆ ಬ್ರೇಕ್ ಇರುವುದಿಲ್ಲ, ಫ್ರೀವ್ಹೀಲ್ ಕೂಡ ಇರುವುದಿಲ್ಲ. ಹಿಂದಿನ ಗಾಲಿ ತಿರುಗುವವರೆಗೆ ಪೆಡಲ್ ತಿರುಗುತ್ತಲೇ ಇರುತ್ತದೆ, ಕಾಲಿಗೆ ಬಿಡುವೆಂಬುದೇ ಇಲ್ಲ. ಜೋಡಿಯಲ್ಲಿ ಒಬ್ಬ ಟ್ರ್ಯಾಕಿನ ಕೆಳ ಅಂಚಿನಲ್ಲಿ ಸ್ಪರ್ಧೆಯಲ್ಲಿರುತ್ತಾನೆ, ಇನ್ನೊಬ್ಬ ಇಳಿಜಾರಿನ ಮೇಲ್ತುದಿಯಲ್ಲಿ ನಿಧಾನವಾಗಿ ಸುತ್ತುತ್ತಿರುತ್ತಾನೆ. ಒಂದೂವರೆ ಎರಡು ಸುತ್ತಿಗೊಮ್ಮೆ ಮೇಲಿನವನು ಕೆಳಕ್ಕಿಳಿಯುತ್ತಾನೆ. ಹಿಂದಿನಿಂದ ಬರುವ ಜೊತೆಗಾರ ಅವನ ಕೈ ಹಿಡಿದು, ತನ್ನ ವೇಗವನ್ನೆಲ್ಲ ತೋಳಿನ ಮೂಲಕ ದಾಟಿಸಿ, ಕವಣೆಯಿಂದ ಕಲ್ಲು ಬೀಸಿದಂತೆ ಅವನನ್ನು ಮುಂದಕ್ಕೆ ಎಸೆಯುತ್ತಾನೆ. ಇಬ್ಬರ ಒಂದೊಂದು ಕೈ ಮಾತ್ರ ಹ್ಯಾಂಡಲ್ ಮೇಲಿರುತ್ತದೆ. ಸುತ್ತ ಹದಿನೈದರಷ್ಟು ಜೋಡಿಗಳು, ಅಂದರೆ ಮೂವತ್ತು ಮಂದಿ, ಇದೇ ಕೆಲಸವನ್ನು ಅದೇ ಕಿರಿದಾದ ಹಲಗೆಯ ಮೇಲೆ ಮಾಡುತ್ತಿರುತ್ತಾರೆ. ಒಲಿಂಪಿಕ್ಸ್‌ನಲ್ಲಿ ಪುರುಷರು 250 ಮೀಟರ್ ಟ್ರ್ಯಾಕ್‌ನ 200 ಸುತ್ತನ್ನು, ಅಂದರೆ 50 ಕಿ.ಮೀ.ಯನ್ನು, ಒಂದು ಗಂಟೆಯೊಳಗೇ ಮುಗಿಸುತ್ತಾರೆ. ಮಹಿಳೆಯರಿಗೆ 120 ಸುತ್ತು.

ಹತ್ತು ಸುತ್ತಿಗೊಂದು ಸ್ಪ್ರಿಂಟ್, ಅಂದರೆ ಅಂಕಕ್ಕಾಗಿ ಮಿಂಚಿನ ಓಟ. ಮೊದಲ ನಾಲ್ಕು ಜೋಡಿಗಳಿಗೆ 5, 3, 2, 1 ಅಂಕ, ಕಟ್ಟಕಡೆಯ ಸ್ಪ್ರಿಂಟ್‌ಗೆ ಅದರ ಇಮ್ಮಡಿ. ಗುಂಪಿನಿಂದ ತಪ್ಪಿಸಿಕೊಂಡು ಒಂದು ಪೂರ್ತಿ ಸುತ್ತು ಹೆಚ್ಚು ಹೊಡೆದು ಮತ್ತೆ ಗುಂಪಿನ ಬಾಲವನ್ನು ಹಿಡಿದರೆ 20 ಅಂಕ, ಸುತ್ತು ಕಳೆದುಕೊಂಡರೆ 20 ಕಡಿತ. ಮೇಲಿನ ಸಾಲಿನವನ ದುಡಿಮೆ ಏನೆಂಬುದು ಇಲ್ಲೇ ಇದೆ. ಕೆಳಗೆ ಗುಂಪಿನಲ್ಲಿ ಸಿಕ್ಕಿಕೊಂಡವನಿಗೆ ಕಾಣುವುದು ಮುಂದಿನವನ ಹಿಂದಿನ ಗಾಲಿ ಮಾತ್ರ. ಇಡೀ ಪಂದ್ಯ ಕಾಣುವುದು ಮೇಲಿನವನಿಗೆ: ಯಾವ ಜೋಡಿ ತಪ್ಪಿಸಿಕೊಳ್ಳಲು ಹವಣಿಸುತ್ತಿದೆ, ಯಾರು ದಣಿದಿದ್ದಾರೆ, ಸ್ಪ್ರಿಂಟ್‌ಗೆ ಎಷ್ಟು ಸುತ್ತು ಉಳಿದಿದೆ. ಜೋಡಿಯಲ್ಲಿ ಚುರುಕಿನ ಕಾಲಿನವನು ಆ ಸ್ಪ್ರಿಂಟ್ ಹೊತ್ತಿಗೆ ಕೆಳಗಿರಬೇಕಾದರೆ ಅದಕ್ಕೂ ಆರು ಸುತ್ತಿನ ಹಿಂದಿನಿಂದಲೇ ಕೈಬದಲಿಯನ್ನು ಹಿಂದುಮುಂದು ಮಾಡಿಕೊಂಡು ಬರಬೇಕು. ಅರ್ಧ ಸುತ್ತು ತಪ್ಪಿದರೆ ತಪ್ಪು ಮನುಷ್ಯ ತಪ್ಪು ಹೊತ್ತಿನಲ್ಲಿ ಸ್ಪರ್ಧೆಯಲ್ಲಿರುತ್ತಾನೆ. ಉಸಿರು ಹಿಡಿತಕ್ಕೆ ಬರುವಷ್ಟರಲ್ಲಿ ಈ ಎಲ್ಲ ಲೆಕ್ಕವೂ ಮುಗಿದಿರಬೇಕು; ವಿಶ್ರಾಂತಿ ಎಂಬುದಿದ್ದರೆ ಅದು ಮೂವತ್ತು ಸೆಕೆಂಡಿನದು.

ಇದು ಬಾಯಿಮಾತಲ್ಲ ಎಂಬುದು ನನಗೆ ತಿಳಿದದ್ದು ಹೋದ ಚಳಿಗಾಲದಲ್ಲಿ. ನನ್ನ ತಮ್ಮನ ಮಗ ಮತ್ತು ಅವನ ಗೆಳೆಯ, ಇಬ್ಬರೂ ರಸ್ತೆ ಸ್ಪರ್ಧೆಗಳಿಗೆ ಹೋಗುವವರು, ನಿಗಡಿಯ ಪ್ರಾಧಿಕರಣದ ಖಾಲಿ ರಸ್ತೆಯಲ್ಲಿ ಭಾನುವಾರ ಬೆಳಗ್ಗೆ ಈ ಕೈಬದಲಿಯನ್ನು ಕಲಿಯಲು ಹೊರಟರು. ರಸ್ತೆ ಸೈಕಲ್, ಸಮತಟ್ಟಾದ ಡಾಂಬರು, ಪಕ್ಕದಲ್ಲಿ ಸೀಟಿ ಹಿಡಿದ ನಾನು. ಮೊದಲ ಹತ್ತು ಸಲ ಕೈ ಸಿಕ್ಕಿತು, ಎಸೆತ ಸಿಗಲಿಲ್ಲ. ತೋಳನ್ನು ನೇರವಾಗಿ ಚಾಚಿ ಹಿಡಿದರೆ ಇಬ್ಬರೂ ಒಬ್ಬರನ್ನೊಬ್ಬರು ಎಳೆದಾಡಿ ಓಲಾಡುತ್ತಿದ್ದರು. ಕೈಯನ್ನು ಸೊಂಟದ ಮಟ್ಟಕ್ಕೆ ತಂದು, ಹಿಡಿದ ಕ್ಷಣ ಮೊಣಕೈ ಸ್ವಲ್ಪ ಬಾಗಿಸಿ ಆಮೇಲೆ ಬೀಸಬೇಕೆಂದು ತಾವಾಗಿಯೇ ಕಂಡುಕೊಂಡಾಗ, ಎಸೆಯಿಸಿಕೊಂಡ ಹುಡುಗನ ಸೈಕಲ್ ಚಂಗನೆ ಹಾರಿತು. ಎಸೆದವನ ಸೈಕಲ್ ಅಲ್ಲೇ ಉಸಿರು ಕಟ್ಟಿದಂತೆ ನಿಂತಿತು. ಮುಂದಿನ ಸಲ ಕೈ ಬಿಡುವುದು ತಡವಾಗಿ ಒಬ್ಬ ಮಗುಚಿ ಬಿದ್ದು ಮೊಣಕೈಯ ಚರ್ಮ ಕಿತ್ತುಬಂತು. “ಕಾಕಾ, ಭುಜಾ ಕಳಚಿ ಬಂದಂಗಾತ್ರೀ, ಆದರ ಕಾಲಿಗಿಂತ ಮೊದಲ ಇದನ್ನ ಕಲೀಬೇಕಾಗಿತ್ತು” ಎಂದ ತಮ್ಮನ ಮಗ, ಗಾಯಕ್ಕೆ ನೀರು ಹಾಕಿಕೊಳ್ಳುತ್ತ. ಆ ದಿನ ಇಬ್ಬರು ಒಟ್ಟಿಗೆ ತುಳಿದದ್ದು ಎಂಟು ಕಿಲೋಮೀಟರ್ ಇರಬಹುದು. ಮಧ್ಯಾಹ್ನ ಊಟಕ್ಕೆ ಕುಳಿತಾಗ ತುತ್ತು ಎತ್ತಲು ಇಬ್ಬರಿಗೂ ಕೈ ಬರಲಿಲ್ಲ.

ಬಲ್ಜಿಯಂನ ಗೆಂಟ್ ನಗರದ ಸಿಕ್ಸ್ ಡೇ ಬಗ್ಗೆ ಲೇಖನದಲ್ಲಿ ಒಂದು ಸಾಲು ಇತ್ತು. ಅಲ್ಲಿನ ಟ್ರ್ಯಾಕಿಗೆ ‘ಕೌಪ್ಕೆ’ ಎಂದು ಹೆಸರು. ಅವರ ಭಾಷೆಯಲ್ಲಿ ಸಣ್ಣ ತೊಟ್ಟಿ ಎಂದರ್ಥ. ಆರು ಸುತ್ತು ಹೊಡೆದರೆ ಒಂದು ಕಿಲೋಮೀಟರ್, ಅಷ್ಟೇ ಅದರ ಅಳತೆ. ತೊಟ್ಟಿಯ ನಡುವೆ ಜನ ನಿಂತು ಕುಡಿಯುತ್ತ, ಹಾಡುತ್ತ ನೋಡುತ್ತಾರೆ, ಜಾತ್ರೆಯ ಗದ್ದಲ. ಈಗ ಇಪ್ಪತ್ತನಾಲ್ಕು ಗಂಟೆ ತುಳಿಯುವ ಪದ್ಧತಿ ಇಲ್ಲ. ಸಂಜೆ ಶುರುವಾಗಿ ರಾತ್ರಿಯವರೆಗೆ ಡರ್ನಿ ಎಂಬ ಸಣ್ಣ ಮೋಟಾರು ಸೈಕಲ್ಲಿನ ಬೆನ್ನಹಿಂದೆ ತುಳಿಯುವ ಓಟ, ಕಡೆಯವನನ್ನು ಹೊರಹಾಕುತ್ತ ಹೋಗುವ ಎಲಿಮಿನೇಷನ್, ನಡುನಡುವೆ ದೀರ್ಘ ಮ್ಯಾಡಿಸನ್. ಆರು ರಾತ್ರಿಯ ಲೆಕ್ಕದಲ್ಲಿ ಮೊದಲು ನೋಡುವುದು ಯಾವ ಜೋಡಿ ಎಷ್ಟು ಸುತ್ತು ಮುಂದಿದೆ ಎಂಬುದನ್ನು. ಸುತ್ತು ಸಮವಾದರೆ ಮಾತ್ರ ಅಂಕ. ಟೂರ್ ಡಿ ಫ್ರಾನ್ಸ್ ಐದು ಸಲ ಗೆದ್ದ ಎಡ್ಡಿ ಮರ್ಕ್ಸ್, 1965ರಲ್ಲಿ ಇಲ್ಲಿ ಪ್ಯಾಟ್ರಿಕ್ ಸೆರ್ಕು ಜೊತೆಗೂಡಿ ಗೆದ್ದ. ಸೆರ್ಕು 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದು ಕಿಲೋಮೀಟರ್ ಓಟದ ಚಿನ್ನ ಗೆದ್ದ ಮಿಂಚಿನ ಕಾಲಿನವನು, ಮರ್ಕ್ಸ್ ದಣಿವರಿಯದವನು. ಜಗತ್ತಿಗೆ ಮರ್ಕ್ಸ್ ಹೆಸರೇ ದೊಡ್ಡದು. ಆದರೆ ಸಿಕ್ಸ್ ಡೇಗಳಲ್ಲಿ ಮರ್ಕ್ಸ್ ಗೆದ್ದದ್ದು 17, ಸೆರ್ಕು ಗೆದ್ದದ್ದು 88. ಆ 88ರ ದಾಖಲೆ ಯಾರಿಗೂ ದಕ್ಕಿಲ್ಲ.

ಇದರಲ್ಲಿ ಅಪಾಯವಿಲ್ಲ ಎಂದು ನಾನು ಹೇಳಲಾರೆ. 2006ರ ನವೆಂಬರ್‌ನಲ್ಲಿ ಇದೇ ಗೆಂಟ್‌ನಲ್ಲಿ, ಅದೇ ವರ್ಷ ಮ್ಯಾಡಿಸನ್ ವಿಶ್ವ ಚಾಂಪಿಯನ್ ಆಗಿದ್ದ ಸ್ಪೇನಿನ ಇಸಾಕ್ ಗಾಲ್ವೆಜ್, ಇನ್ನೊಬ್ಬ ಸವಾರನಿಗೆ ತಗುಲಿ ಕಟಕಟೆಗೆ ಬಡಿದು ತೀರಿಕೊಂಡ. ಹಾಗಾಗಿಯೇ ಇದನ್ನು ಖಾಲಿ ರಸ್ತೆಯಲ್ಲಿ ಸೀಟಿ ಊದುವ ಮುದುಕನ ಎದುರು ಕಲಿಯಬಾರದು, ಟ್ರ್ಯಾಕ್‌ನಲ್ಲಿ ತರಬೇತುದಾರರ ಕೈಕೆಳಗೆ ಕಲಿಯಬೇಕು. ನಮ್ಮ ಹುಡುಗರಿಗೂ ನಾನು ಅದನ್ನೇ ಹೇಳಿ ಆ ಭಾನುವಾರದ ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿದೆ.

ಆದರೆ ಕಲಿಯುವುದು ಎಲ್ಲಿ? ದೇಶದ ಒಳಾಂಗಣ ಮರದ ಟ್ರ್ಯಾಕ್ 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆಂದು ಕಟ್ಟಿದ ದೆಹಲಿಯ ಇಂದಿರಾ ಗಾಂಧಿ ಕ್ರೀಡಾಂಗಣದ್ದು. 2023ರ ರಾಷ್ಟ್ರೀಯ ಕ್ರೀಡಾಕೂಟ ನಡೆದದ್ದು ನಮ್ಮ ಪಕ್ಕದ ಗೋವಾದಲ್ಲಿ. ಆದರೆ ಟ್ರ್ಯಾಕ್ ಸೈಕ್ಲಿಂಗ್ ದೆಹಲಿಗೆ ಹೋಗಬೇಕಾಯಿತು. ಪುಣೆಯಲ್ಲಿ ಬಾಲೇವಾಡಿಯ ವೆಲೊಡ್ರೋಮ್ (ಸೈಕಲ್ ಟ್ರ್ಯಾಕಿನ ಕ್ರೀಡಾಂಗಣ) ಇದೆ, ಆದರೆ ಅದು ತೆರೆದ ಬಾನಿನಡಿಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಣೆಯ ಮಳೆ ಎಂಥದೆಂದು ತಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ದೆಹಲಿಯ ಹಲಗೆಯ ಮೇಲೆ ಪಳಗಿ ನಮ್ಮವರು ಸಾಧಿಸಿದ್ದೂ ಉಂಟು: 2019ರಲ್ಲಿ ಎಸೋ ಆಲ್ಬೆನ್, ರೊನಾಲ್ಡೊ ಸಿಂಗ್, ರೋಜಿತ್ ಸಿಂಗ್ ತಂಡ ಕಿರಿಯರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಟೀಮ್ ಸ್ಪ್ರಿಂಟ್ ಚಿನ್ನ ತಂದಿತು. ಅದು ಒಂದು ನಿಮಿಷದೊಳಗೆ ಮುಗಿಯುವ ಓಟ. ನಮ್ಮ ವಿಜಯಪುರ, ಸಾಂಗಲಿ, ಸೊಲ್ಲಾಪುರದ ಹುಡುಗರು ಬಿಸಿಲಿನಲ್ಲಿ ನೂರು ಕಿಲೋಮೀಟರ್ ತುಳಿಯುವ ಕಸುವಿನವರು, ಒಂದು ನಿಮಿಷದವರಲ್ಲ. ಅವರಿಗೆ ಟ್ರ್ಯಾಕ್‌ನಲ್ಲಿ ಹೊಂದುವ ಆಟವೆಂದರೆ ಮ್ಯಾಡಿಸನ್. ಅದರಲ್ಲಿ ಜೋಡಿ ಕಟ್ಟುವುದು ಮಾತ್ರ ಅವರಿಗೆ ಯಾರೂ ಕಲಿಸಿಲ್ಲ.

ಸಣ್ಣ ದೇಶಕ್ಕೆ ಇದು ಸಾಧ್ಯವೇ ಎಂದು ಕೇಳುವವರು 2024ರ ಪ್ಯಾರಿಸ್ ಒಲಿಂಪಿಕ್ಸ್ ನೋಡಬೇಕು. ಪುರುಷರ ಮ್ಯಾಡಿಸನ್ ಚಿನ್ನ ಗೆದ್ದವರು ಪೋರ್ಚುಗಲ್‌ನ ಯೂರಿ ಲೈತಾವೊ ಮತ್ತು ರುಯಿ ಒಲಿವೇರಾ. ಆ ದೇಶ ಅಥ್ಲೆಟಿಕ್ಸ್ ಬಿಟ್ಟು ಬೇರೆ ಯಾವುದೇ ಆಟದಲ್ಲಿ ಗೆದ್ದ ಮೊದಲ ಒಲಿಂಪಿಕ್ ಚಿನ್ನ ಅದು. ಜನಸಂಖ್ಯೆ ಹೆಚ್ಚುಕಡಿಮೆ ಒಂದು ಕೋಟಿ, ಅಂದರೆ ಪುಣೆ ಜಿಲ್ಲೆಯಷ್ಟು. ಅವರ ರಾಷ್ಟ್ರೀಯ ವೆಲೊಡ್ರೋಮ್ ಇರುವುದು ಸಂಗಾಲ್ಯೋಸ್ ಎಂಬ ಸಣ್ಣ ಊರಿನಲ್ಲಿ. ಮಹಿಳೆಯರ ಚಿನ್ನ ಇಟಲಿಯ ಕಿಯಾರಾ ಕೊನ್ಸೊನ್ನಿ ಮತ್ತು ವಿತ್ತೋರಿಯಾ ಗ್ವಾಝೀನಿ ಅವರದು. ಕಿಯಾರಾಳ ಅಣ್ಣ ಸಿಮೋನೆ ಪುರುಷರ ವಿಭಾಗದಲ್ಲಿ ಎಲಿಯಾ ವಿವಿಯಾನಿ ಜೊತೆ ಬೆಳ್ಳಿ ಗೆದ್ದ. ಒಂದೇ ಮನೆಗೆ ಎರಡು ಪದಕ, ಎರಡೂ ಜೋಡಿ ಓಟದಲ್ಲಿ. (ಆ ಮನೆಯ ಅಡುಗೆಮನೆಯಲ್ಲಿ ಯಾವ ಮಾತು ನಡೆಯುತ್ತಿರಬಹುದೆಂದು ನನ್ನ ಹೆಂಡತಿ ಕೇಳಿದಳು.)

ಬಾಲೇವಾಡಿಗೆ ನಾಳೆಯೇ ಮಾಡು ಹಾಕಿ ಎಂದು ನಾನು ಕೇಳುತ್ತಿಲ್ಲ. ಅದಕ್ಕೆ ಬೇಕಾಗುವ ಹಣದ ಅಂದಾಜು ನನ್ನಂಥ ಫಿಟ್ಟರನಿಗೂ ಇದೆ. ಅಕ್ಟೋಬರ್‌ನಿಂದ ಮೇವರೆಗೆ ಮಳೆ ಕಡಿಮೆಯಿರುವ ಎಂಟು ತಿಂಗಳಲ್ಲಿ, ಈಗಿರುವ ಟ್ರ್ಯಾಕ್‌ನಲ್ಲೇ ವಾರಕ್ಕೊಂದು ಸಂಜೆ ಜೋಡಿ ಓಟದ ತರಬೇತಿ ಇಡಬಹುದು. ಗಡಿಯ ಈಚೆ ಆಚೆ ಎರಡೂ ರಾಜ್ಯಗಳ ಸೈಕ್ಲಿಂಗ್ ಹುಡುಗರು ವರ್ಷಕ್ಕೊಮ್ಮೆ ಸೇರಿ ಸ್ಪರ್ಧಿಸುವಂತೆ ಮಾಡಬಹುದು. ಗಡಿಯ ಜಗಳಕ್ಕೆ ಪುಟಗಟ್ಟಲೆ ಬರೆಯುವ ನಮ್ಮ ಎರಡೂ ಭಾಷೆಗಳ ಪತ್ರಿಕೆಗಳು ಇದಕ್ಕೂ ಒಂದು ಮೂಲೆ ಕೊಟ್ಟಾವು. ಒಬ್ಬ ಕನ್ನಡದವನು, ಒಬ್ಬ ಮರಾಠಿಯವನು ಒಂದು ಜೋಡಿಯಾಗಿ ಇಳಿದರೆ, ಕೈಬದಲಿಯ ಹೊತ್ತಿನಲ್ಲಿ ಯಾವ ಭಾಷೆಯಲ್ಲಿ ಕೂಗುತ್ತಾರೆ ಎಂಬುದನ್ನು ನೋಡುವ ಆಸೆ ನನಗಿದೆ.

ಕೊನೆಯದಾಗಿ ಪತ್ರಿಕೆಗೇ ಸಂಬಂಧಿಸಿದ ಒಂದು ಮಾತು. ಲೇಖನದ ಜೊತೆ ಅಚ್ಚಾದ ಚಿತ್ರದಲ್ಲಿ ಇಬ್ಬರು ಸವಾರರು ಕೈ ಹಿಡಿದುಕೊಂಡಿದ್ದಾರೆ, ಕೆಳಗಿನ ಬರಹದಲ್ಲಿ ಮಾತ್ರ ಮುಂದಿನವನ ಹೆಸರೊಂದೇ ಇದೆ. ಎಸೆಯುತ್ತಿರುವವನು ಹಿಂದಿನವನು. ಗೆಂಟ್‌ನ ಪಂದ್ಯ ನವೆಂಬರ್‌ನಲ್ಲಿ ಬರುತ್ತದೆ; ಆಗ ಫಲಿತಾಂಶವನ್ನು ಎರಡೇ ಸಾಲಿನಲ್ಲಿ ಹಾಕಿದರೂ ಸಾಕು, ಎರಡೂ ಹೆಸರುಗಳನ್ನು ಮುದ್ರಿಸಬೇಕೆಂದು ವಿನಂತಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಹಳೆಯ ಓದುಗ
ಚಿಂಚವಾಡ, ಪುಣೆ